ತಲೆಯ ಮೇಲಿಂದ ಹಾದ ಕೈ

ಶನಿವಾರ, ನವೆಂಬರ್ 8

"ಕೈಗೆ ಎಟುಕದೇ ಇದ್ದದ್ದನ್ನು ಕಳೆದುಕೊಂಡೆ ಎನ್ನಬೇಡ." ಹೀಗೇ ಇತ್ತೇ ಆ ಸಾಲು? ಎಂ.ಎ. ಓದುವಾಗ ಯಾವುದೋ ಕವಿತೆಯಲ್ಲಿ ಕಂಡದ್ದು. ಬರೆದವರ ಹೆಸರು ಮರೆತಿದೆ, ಮುಂದಿನ ಸಾಲೂ ಮರೆತಿದೆ. ಆಗ ಅದು ಸಮಾಧಾನ ಹೇಳುವ ಸಾಲು ಅನ್ನಿಸಿತ್ತು. ಈ ಬೆಳಿಗ್ಗೆ ಕಾಫಿ ಲೋಟ ತೊಳೆಯುತ್ತ ನಿಂತಾಗ ತಾನಾಗಿ ನೆನಪಿಗೆ ಬಂತು, ಅದರ ಹಿಂದೆಯೇ ಅನುಮಾನವೂ ಬಂತು. ಎಟುಕುತ್ತಿರಲಿಲ್ಲ ಎಂದು ತೀರ್ಮಾನ ಮಾಡಿದವರು ಯಾರು? ಕೈ ಚಾಚಿದವನೋ, ಪಕ್ಕದಲ್ಲಿ ನಿಂತು ನೋಡಿದವರೋ?

ನಿನ್ನೆಯದನ್ನು ಬರೆದಿಡುತ್ತೇನೆ. ಕಂಡಷ್ಟೇ.

ಟಾಲಿವರ್ ಮತ್ತು ಬ್ರಾಂಟ್ ಕ್ರೀಕ್ ಶಾಲೆಗಳ ಪಂದ್ಯ, ಚೆಂಡನ್ನು ಕೈಯಿಂದ ಎಸೆದು ಹಿಡಿಯುವ ಅಮೆರಿಕದ ಫುಟ್‌ಬಾಲ್. ಗೆದ್ದವರು ರಾಜ್ಯದ ಸುತ್ತಿಗೆ, ಸೋತವರು ಮನೆಗೆ. ಟಾಲಿವರ್ ತಂಡದಲ್ಲಿ 84ನೇ ಅಂಗಿಯ ಹುಡುಗ ನಮ್ಮ ಪಕ್ಕದ ಮನೆಯ ರಮೋನಾ ಲೆದೆಸ್ಮಾಳ ಮಗ. ನಮ್ಮೂರ ಶಾಲೆ ಮುಚ್ಚಿದ ಮೇಲೆ ಇಲ್ಲಿನ ಮಕ್ಕಳೆಲ್ಲ ಬಸ್ಸು ಹತ್ತಿ ಟಾಲಿವರ್‌ಗೇ ಹೋಗುವುದು. ಇದನ್ನು ನಮ್ಮ ಐವರು ರೆಫ್ರಿಗಳ ತಂಡದ ಮುಖ್ಯಸ್ಥ ಮರ್ಲ್ ಹಾಸ್ಟೆಟರ್‌ಗೆ ಮೊದಲೇ ಹೇಳಿದ್ದೆ. ಈ ಸೀಮೆಯಲ್ಲಿ ಯಾರಿಗೂ ಪರಿಚಯವಿಲ್ಲದ ರೆಫ್ರಿ ಬೇಕೆಂದರೆ ಚಂದ್ರನಿಂದ ತರಿಸಬೇಕು, ಸುಮ್ಮನೆ ಬನ್ನಿ ಎಂದ.

ನಾನು ನಿಲ್ಲುವುದು ಎಲ್ಲರಿಗಿಂತ ಹಿಂದೆ, ಮೈದಾನದ ಕೊನೆಯ ಗೆರೆಯ ಹತ್ತಿರ. ಮರ್ಲ್ ನಿಲ್ಲುವುದು ಆ ತುದಿಯಲ್ಲಿ, ಚೆಂಡು ಎಸೆಯುವವನ ಬೆನ್ನಿಗೆ.

ಟಾಲಿವರ್ ನಾಲ್ಕು ಅಂಕ ಹಿಂದೆ, ಕೊನೆಯ ಗೆರೆಯ ಬಳಿ ಚೆಂಡು ಹಿಡಿದರೆ ಆರು ಅಂಕ. ಗಡಿಯಾರದಲ್ಲಿ ಒಂದೇ ಒಂದು ಎಸೆತಕ್ಕಾಗುವಷ್ಟು ಹೊತ್ತು. 84 ನನ್ನ ಕಡೆಗೇ ಓಡಿ ಬಂದ, ತನ್ನನ್ನು ತಡೆಯಬೇಕಾದವನನ್ನು ಒಂದು ಹೆಜ್ಜೆ ಹಿಂದೆ ಬಿಟ್ಟು. ಚೆಂಡು ಆಗಲೇ ಗಾಳಿಯಲ್ಲಿತ್ತು. ತಡೆಯುವವನು ಅವನ ಎಡತೋಳಿಗೆ ತನ್ನ ತೋಳು ಸಿಕ್ಕಿಸಿದ. ಎಳೆಯಲಿಲ್ಲ, ಕೆಡವಲಿಲ್ಲ. ಬಾಗಿಲಿಗೆ ಚಿಲಕ ಹಾಕುವಷ್ಟು ಮೆಲ್ಲಗೆ. ಚೆಂಡು ಇಬ್ಬರ ತಲೆಯ ಮೇಲಿಂದ ಹಾದು ಗೆರೆಯ ಆಚೆ ಬಿತ್ತು. ನನ್ನ ಕೈ ಸೊಂಟದ ಹಳದಿ ಬಟ್ಟೆಯ ಮೇಲಿತ್ತು. ತಪ್ಪು ಕಂಡರೆ ಅದನ್ನು ಎಳೆದು ನೆಲಕ್ಕೆ ಎಸೆಯಬೇಕು. ಎಳೆಯಲಿಲ್ಲ. ಅದೇ ಕೈಯನ್ನು ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಹಾಯಿಸಿದೆ. ಎಟುಕದ ಚೆಂಡು, ಹಾಗಾಗಿ ತಪ್ಪಿಲ್ಲ ಎಂದು ಅದರ ಅರ್ಥ. ಟೆಕ್ಸಸ್‌ನಲ್ಲಿ ರೆಫ್ರಿಯಾಗಿದ್ದ ವರ್ಷಗಳಲ್ಲಿ ನೂರಾರು ಸಲ ಮಾಡಿದ ಸನ್ನೆ.

ಪಂದ್ಯ ಮುಗಿಯಿತು. ಬ್ರಾಂಟ್ ಕ್ರೀಕ್‌ನವರು ಮೈದಾನಕ್ಕೆ ನುಗ್ಗಿದರು.

ಪಂದ್ಯ ನಡೆದ ಜಿಲ್ಲೆಯ ಗಡಿ ದಾಟುವವರೆಗೆ ವ್ಯಾನಿನಲ್ಲಿ ಆಟದ ಮಾತಿಲ್ಲ, ಆ ಊರಿನಲ್ಲಿ ಊಟವೂ ಇಲ್ಲ. ಅದು ಮರ್ಲ್ ಮಾಡಿದ ಕಟ್ಟಳೆ. ಗಡಿಯ ಫಲಕ ಹಿಂದೆ ಸರಿದ ಕೂಡಲೇ ನಮ್ಮ ತಂಡದ ಗಸ್ ಟ್ರಾಮೆಲ್ ಶೇಂಗಾ ಸುಲಿಯುತ್ತ ಕೇಳಿದ: "ಪ್ರೊಫೆಸರ್, ಕೊನೇಲಿ ತಲೆ ಮೇಲಿಂದ ನೊಣ ಓಡಿಸಿದ್ರಲ್ಲ, ಏನದು?"

ಕಾಲೇಜಿನಲ್ಲಿ ಪಾಠ ಮಾಡುವ ನನ್ನನ್ನು ತಂಡದವರು ಕರೆಯುವುದೇ ಹಾಗೆ. ಎಟುಕದ ಚೆಂಡು ಎಂದೆ.

"ಹಾಗಾದ್ರೆ ಮುಟ್ಟಿದ್ದ?"

"ತೋಳು ಸಿಕ್ಕಿಸಿದ್ದ. ಆದರೆ ಚೆಂಡು ತುಂಬ ಮೇಲಿತ್ತು."

ಗಸ್ ಸುಲಿಯುವುದನ್ನು ನಿಲ್ಲಿಸಿದ. "ನಮ್ಮ ಪುಸ್ತಕದಲ್ಲಿ ಎಟುಕೋದು, ಎಟುಕದ್ದು ಅಂತ ಇಲ್ವಲ್ಲ ಪ್ರೊಫೆಸರ್. ಆ ಸನ್ನೆಯೇ ಇಲ್ಲ."

ಸ್ವಲ್ಪ ಹೊತ್ತಿನ ಮೇಲೆ ಮರ್ಲ್, ಹಸಿವಾಗ್ತಿದೆ, ಯಾರ್ಯಾರಿಗೆ ಬರ್ಗರ್ ಎಂದ.

ಟೆಕ್ಸಸ್‌ನ ಶಾಲೆಗಳು ಕಾಲೇಜಿನ ನಿಯಮದಂತೆ ಆಡುತ್ತವೆ. ಅಲ್ಲಿ ಚೆಂಡು ಕೈಗೆ ಸಿಗುವಂತಿರದಿದ್ದರೆ ಹಿಡಿದದ್ದು ಲೆಕ್ಕಕ್ಕಿಲ್ಲ. ರಾಜ್ಯದ ಗಡಿ ದಾಟಿ ಇಲ್ಲಿಗೆ, ಒಕ್ಲಹೋಮಾಕ್ಕೆ, ಬಂದರೆ ಶಾಲೆಗಳಿಗೆ ಬೇರೆ ಪುಸ್ತಕ. ಚೆಂಡು ಎಸೆದವನ ಕೈ ಬಿಟ್ಟ ಮೇಲೆ, ಅದನ್ನು ಹಿಡಿಯಲು ಓಡುವವನನ್ನು ಹಿಡಿದು ನಿಲ್ಲಿಸಿದರೆ ತಪ್ಪೇ. ಚೆಂಡು ಅವನ ತಲೆಯ ಮೇಲಿಂದ ಹೋದರೂ ತಪ್ಪೇ. ಹದಿನೈದು ಗಜ ಮುಂದಕ್ಕೆ, ಇನ್ನೊಂದು ಎಸೆತ. ಗಡಿಯಾರ ಮುಗಿದಿದ್ದರೂ ಇನ್ನೊಂದು ಎಸೆತ. ನನಗಿದು ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇನೆ. ಕೈಗೆ ಮಾತ್ರ ಗೊತ್ತಿರಲಿಲ್ಲ.

ಏನೇ ಆದರೂ ಫಲಿತಾಂಶ ಬದಲಾಗುವುದಿಲ್ಲ. ನಾವು ಮೈದಾನ ಬಿಟ್ಟ ಮೇಲೆ ಯಾರ ದೂರೂ ನಡೆಯುವುದಿಲ್ಲ. ಅಲ್ಲಿಗೆ ಅದು ಮುಗಿಯಿತು.

ಭಾನುವಾರ, ನವೆಂಬರ್ 9

ಆರ್ಲೊ ಟಿವಿಯಲ್ಲಿ ದೊಡ್ಡವರ, ಅಂದರೆ ದುಡ್ಡಿಗೆ ಆಡುವವರ, ಪಂದ್ಯ ಹಾಕಿಕೊಂಡು ನಿದ್ದೆ ಹೋಗಿದ್ದ. ವಾರವಿಡೀ ಹೊಲಗಳಲ್ಲಿ ನೀರಾವರಿ ಯಂತ್ರ ರಿಪೇರಿ ಮಾಡುವ ಗಂಡನಿಗೆ ಫುಟ್‌ಬಾಲ್ ಎಂದರೆ ಜೋಗುಳ. ಸೀಟಿಯ ಸದ್ದಿಗೆ ಎದ್ದು ಏನಾಯಿತೆಂದು ಕೇಳಿದ. ದೊಡ್ಡವರ ಆಟದಲ್ಲಿ ಮೊದಲ ಐದು ಗಜದೊಳಗೆ ಎದುರಾಳಿಯನ್ನು ಕೈಯಿಂದ ತಳ್ಳಬಹುದು, ಅದನ್ನು ದಾಟಿದ ಮೇಲೆ ಮುಟ್ಟಬಾರದು, ಅವನು ಮುಟ್ಟಿದ ಎಂದೆ.

"ಮೊದಮೊದಲು ಮುಟ್ಟಬಹುದು, ಆಮೇಲೆ ಮುಟ್ಟಂಗಿಲ್ಲ. ನಮ್ಮ ಮದುವೆ ಥರಾನೇ ಅನ್ನು," ಎಂದು ಮತ್ತೆ ಕಣ್ಣು ಮುಚ್ಚಿದ.

ನಗು ಬಂತು. ಹೆಚ್ಚು ಹೊತ್ತು ಉಳಿಯಲಿಲ್ಲ.

84ಕ್ಕೆ ಆ ಚೆಂಡು ಸಿಗುತ್ತಿರಲಿಲ್ಲ. ದಕ್ಷಿಣದ ಗಾಳಿ ಜೋರಾಗಿತ್ತು, ಚೆಂಡು ಅವನು ಚಾಚಿದ ಕೈಗಿಂತ ಮೊಳದಷ್ಟು ಮೇಲಿತ್ತು. ಇದು ಖಚಿತ.

ಅವನು ಚಾಚಿದ್ದು ಒಂದೇ ಕೈ.

ಬುಧವಾರ, ನವೆಂಬರ್ 12

ಕಾಲೇಜಿನಿಂದ ಬರುತ್ತ ಮೊಟ್ಟೆಗೆಂದು ಟಾಲಿವರ್‌ನ ದಿನಸಿ ಅಂಗಡಿಗೆ ಹೋದೆ. 84 ಸಂಜೆ ಅಲ್ಲಿ ಸಾಮಾನು ಚೀಲಕ್ಕೆ ತುಂಬುವ ಕೆಲಸ ಮಾಡುತ್ತಾನೆಂದು ಗೊತ್ತಿರಲಿಲ್ಲ. ನನಗಿಂತ ಮುಂದೆ, ಸಾಲಿನಲ್ಲಿ, ಬೀಜದ ಕಂಪನಿಯ ಟೋಪಿ ತೊಟ್ಟ ಗಿರಾಕಿಯೊಬ್ಬ ನಿಂತಿದ್ದ. ಅವನು ಒಂದು ಕಿತ್ತಳೆಹಣ್ಣನ್ನು ಹುಡುಗನತ್ತ ಮೆಲ್ಲಗೆ ಎಸೆದ. ಎಸೆದವನೇ ತನ್ನ ಕೈಯನ್ನು ತಲೆಯ ಮೇಲಿಂದ ಹಿಂದಕ್ಕೆ ಹಾಯಿಸಿದ.

ಸಾಲಿನಲ್ಲಿದ್ದವರು ನಕ್ಕರು. ಹುಡುಗ ಹಣ್ಣು ಹಿಡಿದು ಚೀಲಕ್ಕೆ ಹಾಕಿದ.

"ಇದಾದ್ರೂ ಸಿಕ್ತಲ್ಲಪ್ಪ," ಎಂದ ಗಿರಾಕಿ.

ಹುಡುಗನೂ ನಕ್ಕ. ನಗದಿದ್ದರೆ ಇನ್ನೂ ಹೆಚ್ಚಾಗುತ್ತದೆಂದು ತಿಳಿದವರು ನಗುವ ಹಾಗೆ. ನಾನು ಮೊಟ್ಟೆಯನ್ನು ಬಿಸ್ಕತ್ತಿನ ಕಪಾಟಿನಲ್ಲೇ ಇಟ್ಟು ಹೊರಗೆ ಬಂದುಬಿಟ್ಟೆ.

ಆಮೇಲೆ ಯೋಚಿಸಿದರೆ, ಸೋಮವಾರ ನನ್ನ ತರಗತಿಯಲ್ಲೂ ಇದನ್ನು ಕಂಡಿದ್ದೆ. ಕಡಿಮೆ ಅಂಕ ಬಂದವನ ಉತ್ತರಪತ್ರಿಕೆ ನೋಡಿ ಪಕ್ಕದವನು ತಲೆಯ ಮೇಲಿಂದ ಕೈ ಹಾಯಿಸಿದ್ದ. ಕೂದಲು ಸರಿಮಾಡಿಕೊಂಡನೆಂದು ತಿಳಿದಿದ್ದೆ. ಟಾಲಿವರ್ ಹುಡುಗರ ನಡುವೆ ಅದಕ್ಕೀಗ ಒಂದೇ ಅರ್ಥವಂತೆ: ನಿನ್ನ ಕೈಲಾಗಲ್ಲ ಬಿಡು. ಪಂದ್ಯದ ದಿನ ಶಾಲೆಯ ಕ್ಯಾಮೆರಾ ಮೈದಾನದ ಪಕ್ಕದ ಮಾಡಿನ ಮೇಲಿತ್ತು. ಅದರಲ್ಲಿ ಕಾಣುವುದು ತಡೆಯುವವನ ಅಗಲ ಬೆನ್ನು, ಅದರ ಆಚೆ ಇದ್ದಕ್ಕಿದ್ದಂತೆ ನಿಧಾನವಾದ ಒಬ್ಬ ಹುಡುಗ. ಊರೆಲ್ಲ ಅದನ್ನು ಫೋನಿನಲ್ಲಿ ನೋಡಿದೆ. ಕೊನೆಯ ಗಳಿಗೆಯಲ್ಲಿ ಓಡುವುದನ್ನು ಬಿಟ್ಟುಬಿಟ್ಟ ಅನ್ನುತ್ತಾರೆ.

ತೋಳು ಕಂಡದ್ದು ಮೂವರಿಗೆ. ಹಿಡಿದವನಿಗೆ, ಹಿಡಿಸಿಕೊಂಡವನಿಗೆ, ನನಗೆ.

ಶನಿವಾರ, ನವೆಂಬರ್ 15

ನಿನ್ನೆಯ ಪಂದ್ಯದಲ್ಲಿ ಕಂಡಕಂಡದ್ದಕ್ಕೆಲ್ಲ ಬಟ್ಟೆ ಎಸೆದೆ. ಎದುರುಬದುರು ಓಡಿ ಬಂದವರು ತಾಗಿಕೊಂಡರೂ ಎಸೆದೆ. ಒಬ್ಬ ಕೋಚ್ ಗೆರೆಯ ಆಚೆಯಿಂದ, ಅಮ್ಮಾ, ನನ್ನ ಹುಡುಗರಿಗೆ ಉಸಿರಾಡೋಕಾದ್ರೂ ಅಪ್ಪಣೆ ಇದೆಯಾ ಎಂದು ಕೇಳಿದ. ಮರ್ಲ್ ಎರಡು ಸಲ ನನ್ನ ಹತ್ತಿರ ಬಂದು ಮೆಲ್ಲಗೆ ಮಾತಾಡಿ ಬಟ್ಟೆ ಎತ್ತಿಸಿ, ತಪ್ಪಿಲ್ಲ ಎಂದು ಸಾರಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಡಿ ದಾಟಿದ ಮೇಲೆ ಸುದ್ದಿ ಹೇಳಿದ. ಡಿಸೆಂಬರ್ ಆರನೇ ತಾರೀಖಿನ ರಾಜ್ಯದ ಫೈನಲ್‌ಗೆ ನಮ್ಮ ತಂಡವನ್ನೇ ಆರಿಸಿದ್ದಾರೆ. ಮೂವತ್ತು ವರ್ಷದಲ್ಲಿ ಮರ್ಲ್‌ಗೆ ಇದು ಮೊದಲ ಫೈನಲ್, ಕೊನೆಯದೂ ಹೌದು. ಮೊಣಕಾಲು ಸವೆದಿದೆ, ಈ ವರ್ಷಕ್ಕೆ ಸೀಟಿ ಬಿಡುತ್ತಾನೆ. ಗಸ್ ಕಿಟಕಿ ಇಳಿಸಿ ಹೊಲಗಳ ಕಡೆಗೆ ಕೂಗಿದ. ಎಲ್ಲರೂ ಒಬ್ಬರ ಬೆನ್ನು ಒಬ್ಬರು ತಟ್ಟಿದರು. ನನ್ನ ಬೆನ್ನನ್ನೂ ತಟ್ಟಿದರು.

ಸೋಮವಾರ, ನವೆಂಬರ್ 17

ಪಕ್ಕದ ಮನೆಯಾಕೆ ನನ್ನ ಕಪ್ಪು ಪ್ಯಾಂಟು ತಂದುಕೊಟ್ಟಳು. ಹೆಂಗಸರ ಅಳತೆಯ ರೆಫ್ರಿ ಪ್ಯಾಂಟು ಸಿಗುವುದು ಕಷ್ಟ. ನಾನು ಇಲ್ಲಿಗೆ ಬಂದಾಗಿನಿಂದ ಆಕೆಯೇ ಗಂಡಸರದ್ದನ್ನು ಬಿಚ್ಚಿ ಹೊಲಿದು ಕೊಡುತ್ತಾಳೆ. ದುಡ್ಡು ಕೊಡಹೋದರೆ ಕೋಪ. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ, ಶುಕ್ರವಾರವೂ ಬಿಡುವಿಲ್ಲ. ಮಗನ ಒಂದು ಪಂದ್ಯವನ್ನೂ ನೋಡಿದವಳಲ್ಲ.

ಫೈನಲ್ ವಿಷಯ ಆಕೆಗೆ ಆಗಲೇ ತಿಳಿದಿತ್ತು. ಪಕ್ಕದ ಬಿಳಿ ಪಟ್ಟಿಯನ್ನು ಈ ಸಲ ಜೋಡಿ ದಾರದಲ್ಲಿ ಹೊಲಿದಿದ್ದೇನೆ, ಟಿವಿಯಲ್ಲಿ ಬರ್ತೀರಲ್ಲ ಎಂದಳು. ಮಗ ಇಸಿದ್ರೊ ಸಪ್ಪಗಿದ್ದಾನೆ, ಮನೆಯಲ್ಲಿ ಮಾತಿಲ್ಲ, ನೀವು ಒಂದು ಮಾತು ಹೇಳಿದರೆ ಕೇಳುತ್ತಾನೆ ಎಂದೂ ಹೇಳಿದಳು.

ನೋಡೋಣ ಎಂದೆ. ಹೋದ ಮೇಲೆ ಪ್ಯಾಂಟನ್ನು ಕಪಾಟಿನ ಒಳಗೆ, ಕಾಣದ ಕಡೆ ತೂಗುಹಾಕಿದೆ.

ಬುಧವಾರ, ನವೆಂಬರ್ 19

ಮರ್ಲ್ ಕೆಲಸ ಮಾಡುವ ಧಾನ್ಯದ ಗೋದಾಮಿಗೆ ಹೋದೆ. ಜೋಳದ ಕೊಯ್ಲು. ಲಾರಿಗಳ ಸಾಲು ಹೆದ್ದಾರಿಯವರೆಗೂ ನಿಂತಿತ್ತು. ಮರ್ಲ್ ತೂಕದ ಕಟ್ಟೆಯ ಪಕ್ಕದ ಗಾಜಿನ ಕೋಣೆಯಲ್ಲಿ ಕೂತಿದ್ದ, ಕಾಲನ್ನು ಒಂದು ಡಬ್ಬದ ಮೇಲೆ ಚಾಚಿಕೊಂಡು. ನಾನು ಯಾಕೆ ಬಂದೆನೆಂದು ಕೇಳಲಿಲ್ಲ.

"ನಿಮ್ಮ ಕೈ ತಲೆ ಮೇಲಿಂದ ಹೋಗಿದ್ದನ್ನ ನೋಡ್ದೆ," ಎಂದ. "ಆಗ್ಲೇ ಗೊತ್ತಾಯ್ತು."

ಹಾಗಿದ್ದರೆ ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದೆ.

"ಒಂದು ಸಲ ಸೀಟಿ ಊದಿದ್ರೆ ಸಾಕಿತ್ತು. ಬಾಯಿಗೆ ಇಟ್ಕೊಂಡೂ ಇದ್ದೆ. ಅಷ್ಟೊತ್ತಿಗೆ ಜನ ಒಳಗೆ ಬಂದ್ರು. ಮೊಣಕಾಲು ನೋಯ್ತಿತ್ತು, ಪ್ರೊಫೆಸರ್. ಮನೆಗೆ ಹೋಗೋಣ ಅನ್ನಿಸ್ತು. ಅಷ್ಟೇ, ಇನ್ನೇನೂ ಇಲ್ಲ."

ಒಂದು ಲಾರಿ ಕಟ್ಟೆ ಹತ್ತಿತು. ತೂಕ ನೋಡಿ, ಕೈಬೀಸಿ ಕಳಿಸಿದ. ಅಂಗಡಿಯಲ್ಲಿ ಕಂಡದ್ದನ್ನು ಹೇಳಿದೆ. ತನ್ನ ಮೊಮ್ಮಗನೂ ಆ ಸನ್ನೆ ಕಲಿತು ಬಂದಿದ್ದಾನೆ ಎಂದ, ನನ್ನ ಮುಖ ನೋಡದೆ. ನಾವು ಈಗ ಶಾಲಾ ಕ್ರೀಡೆಗಳನ್ನು ನಡೆಸುವ ರಾಜ್ಯದ ಕಚೇರಿಗೆ ಹೇಳಿದರೆ ಫೈನಲ್ ಕೈತಪ್ಪಿ ಹೋಗುತ್ತದೆ. ನನ್ನದೊಂದೇ ಅಲ್ಲ, ಐವರದ್ದೂ.

"ಆರನೇ ತಾರೀಖು ಆಗ್ಲಿ. ಏಳನೇ ತಾರೀಖು ಬೆಳಿಗ್ಗೆ ನಾನೇ ಫೋನ್ ಮಾಡ್ತೀನಿ, ನಾನೂ ನೋಡಿದ್ದೆ ಅಂತ ಹೇಳ್ತೀನಿ."

ಅವನು ಮಾತು ತಪ್ಪುವವನಲ್ಲ. ಆಗಲಿ ಎಂದೆ. ಮೂರು ವಾರ ತಾನೇ.

ಗುರುವಾರ, ನವೆಂಬರ್ 20

ಹೆದ್ದಾರಿಯ ಅಂಚಿನಲ್ಲಿ 84 ನಡೆದು ಬರುತ್ತಿದ್ದ. ಶಾಲೆಯ ಬಸ್ಸು ಬಿಟ್ಟಿದ್ದಾನೆ, ಯಾವುದಾದರೂ ಲಾರಿ ಸಿಕ್ಕರೆ ಹತ್ತುತ್ತಾನೆ, ಸಿಗದಿದ್ದರೆ ನಡೆಯುತ್ತಾನೆ. ಗಾಳಿಗೆ ಎದುರಾಗಿ, ತಲೆ ತಗ್ಗಿಸಿಕೊಂಡು. ಒಂದು ಕ್ಷಣ ಹಾಗೇ ಮುಂದೆ ಹೋಗಿಬಿಡೋಣವೆನ್ನಿಸಿತು. ಹೋಗಿಯೂ ಬಿಟ್ಟೆ. ಕನ್ನಡಿಯಲ್ಲಿ ಅವನು ಚಿಕ್ಕದಾಗುವುದನ್ನು ಕಂಡು ಕಾರನ್ನು ಹಿಂದಕ್ಕೆ ತಂದೆ.

ಥ್ಯಾಂಕ್ಯೂ ಮೇಡಂ ಎಂದು ಹತ್ತಿದ. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಪರೀಕ್ಷೆಗೆ ಕೂತವನಂತೆ ಕೂತಿದ್ದ. ನಮ್ಮೂರಿನ ನೀರಿನ ಟ್ಯಾಂಕು ಕಾಣಿಸಿದಾಗ ಕೇಳಿದ.

"ಮೇಡಂ, ನೀವು ಅಲ್ಲೇ ಇದ್ರಿ. ನನ್ನ ತೋಳು ಕಾಣಿಸ್ತಾ ನಿಮಗೆ?"

ಇಲ್ಲಿ ಬರೆಯುವಾಗಲೂ ಕೈ ನಿಲ್ಲುತ್ತದೆ.

"ಆಟದ ಬಗ್ಗೆ ಆಟಗಾರರ ಜೊತೆ ನಾನು ಮಾತಾಡೋ ಹಾಗಿಲ್ಲ," ಎಂದೆ.

"ಹೌದಾ ಮೇಡಂ. ಅದು ನಿಯಮಾನಾ?"

"ನಿಯಮ."

"ಸರಿ ಮೇಡಂ."

ಮನೆಯ ಮುಂದೆ ಇಳಿದು ಮತ್ತೊಮ್ಮೆ ಥ್ಯಾಂಕ್ಯೂ ಹೇಳಿದ. ಕಾರಿನ ಬಾಗಿಲನ್ನು ಬಡಿಯಲಿಲ್ಲ. ಒತ್ತಿ, ಸದ್ದಾಗದಂತೆ ಹಾಕಿದ.

ಶುಕ್ರವಾರ, ನವೆಂಬರ್ 21

ನಿಯಮವಂತೆ.

ಶನಿವಾರ, ನವೆಂಬರ್ 22

ರಮೋನಾ ಬೇಲಿಯ ಹತ್ತಿರ ಸಿಕ್ಕಳು. ಪಾಳಿ ಮುಗಿಸಿ ಬಂದವಳು, ಕೆಲಸದ ಅಂಗಿಯಲ್ಲೇ ಒಣಗಿದ ಹೂಗಿಡ ಕೀಳುತ್ತಿದ್ದಳು. ಬರುವ ಗುರುವಾರದ ಸುಗ್ಗಿ ಹಬ್ಬದ ರಜೆ ಮುಗಿದ ಮೇಲೆ ಇಸಿದ್ರೊ ಶಾಲೆಗೆ ಹೋಗುವುದಿಲ್ಲವಂತೆ. ಮುಂದಿನ ವಾರ ಹದಿನೆಂಟು ತುಂಬುತ್ತದೆ. ಹಂದಿಮಾಂಸದ ಕಾರ್ಖಾನೆಗೆ ಅರ್ಜಿ ಹಾಕಿದ್ದಾನೆ, ಅವರು ಡಿಸೆಂಬರ್ ಒಂದರಿಂದ ಬಾ ಅಂದಿದ್ದಾರೆ. ಬೇಸಿಗೆಗೆ ಶಾಲೆ ಮುಗಿಯುತ್ತಿತ್ತು, ಆರು ತಿಂಗಳು ತಡೆದುಕೊಳ್ಳೋ ಎಂದರೆ ಕೇಳುವುದಿಲ್ಲ.

"ಅವರಪ್ಪ ಅದೇ ಕಾರ್ಖಾನೇಲಿ ಬೆನ್ನು ಮುರ್ಕೊಂಡ, ಟೀಚರ್. ಬಾಗಿಲ ತನಕ ಹೋಗಿ ನೋಡ್ಕೊಂಡು ಬಂದಿರೋ ಹುಡುಗ. ಹಾಗಿದ್ರೂ ಅಲ್ಲಿಗೇ ಹೋಗ್ತೀನಿ ಅಂತಾನೆ. ಸ್ಕೂಲಿಗಿಂತ ಅದೇ ವಾಸಿಯಂತೆ."

ಯಾಕಂತೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅವಳ ಬುಟ್ಟಿ ತುಂಬಿತ್ತು. ಒಂದು ಕಡೆ ಹಿಡಿದು ಹಿತ್ತಿಲವರೆಗೆ ಹೊತ್ತುಕೊಟ್ಟೆ.

ಮಧ್ಯಾಹ್ನ ಆರ್ಲೊ ಜೊತೆ ಮಾತಾಡಿದೆ. ಮೊದಲಿನಿಂದ ಎಲ್ಲವನ್ನೂ. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಎಣ್ಣೆಬಟ್ಟೆಯಲ್ಲಿ ಒರೆಸುತ್ತಲೇ ಕೇಳಿದ. ತಮಾಷೆ ಮಾಡುತ್ತಾನೆಂದು ಕಾದೆ, ಮಾಡಲಿಲ್ಲ.

"ಮರ್ಲ್ ಹೇಳಿದ ತಾರೀಖು ಏಳು. ಹುಡುಗ ಹೇಳಿದ್ದು ಒಂದು. ಇದ್ರಲ್ಲಿ ಪುಸ್ತಕ ನೋಡೋದೇನಿದೆ?" ಎಂದ.

ಸೋಮವಾರ, ನವೆಂಬರ್ 24

ರಾಜ್ಯದ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯವನು ವಿನಯವಂತ. ತಾಳ್ಮೆಯಿಂದ ಕೇಳಿಸಿಕೊಂಡು, ಹೇಳಿದ್ದಕ್ಕೆ ಕೃತಜ್ಞತೆ ಎಂದ. ಮುಖ್ಯ ರೆಫ್ರಿಗೆ ಗೊತ್ತಿತ್ತೇ ಎಂದು ಕೇಳಿದ.

"ಅದನ್ನು ಅವರನ್ನೇ ಕೇಳಿ," ಎಂದೆ.

ಅವನು ಅದನ್ನು ಬರೆದುಕೊಂಡ. ಅದೇ ಉತ್ತರವಾಯಿತೆಂದು ಫೋನ್ ಇಟ್ಟ ಮೇಲೆ ಹೊಳೆಯಿತು. ಮರ್ಲ್‌ನನ್ನು ಉಳಿಸಲೆಂದು ಆಡಿದ ಮಾತು.

ಇನ್ನೊಂದು ವಿಷಯ. ಇಂಥ ತಪ್ಪುಗಳನ್ನು ಶಾಲೆಗಳಿಗೆ ತಿಳಿಸುವ ಪದ್ಧತಿ ಅವರಲ್ಲಿ ಇಲ್ಲವಂತೆ, ಇದು ನಮ್ಮೊಳಗಿನ ವಿಚಾರವಂತೆ. ಅಂದರೆ ಫೈನಲ್ ಹೋಗುತ್ತದೆ, ಇಸಿದ್ರೊಗೆ ಏನೂ ತಿಳಿಯುವುದಿಲ್ಲ.

ಮಂಗಳವಾರ, ನವೆಂಬರ್ 25

ನಮ್ಮನ್ನು ತೆಗೆದರು. ಮರ್ಲ್ ಫೋನ್ ಮಾಡಿದ. ಏಳನೇ ತಾರೀಖು ಅಂದಿದ್ದೆ ಎಂದ. ಹುಡುಗ ಒಂದನೇ ತಾರೀಖು ಕಾರ್ಖಾನೆಗೆ ಸೇರುತ್ತಿದ್ದಾನೆ ಎಂದೆ. ಫೋನಿನಲ್ಲಿ ಲಾರಿಯ ಸದ್ದು ಕೇಳುತ್ತಿತ್ತು, ಒಂದು ಹೋಯಿತು, ಇನ್ನೊಂದು ಬಂತು.

"ಮೊಮ್ಮಕ್ಕಳಿಗೆ ಹೇಳ್ಬಿಟ್ಟಿದ್ದೆ," ಎಂದ. ಇಟ್ಟುಬಿಟ್ಟ.

ಮಧ್ಯಾಹ್ನ ಗಸ್‌ನಿಂದ ಸಂದೇಶ. ನನ್ನ ಮಳೆಕೋಟು ವ್ಯಾನಿನಲ್ಲಿ ಉಳಿದಿತ್ತಂತೆ, ನಮ್ಮ ಅಂಚೆಡಬ್ಬಕ್ಕೆ ನೇತುಹಾಕಿ ಹೋಗಿದ್ದಾನೆ. ಪ್ರೊಫೆಸರ್ ಎಂದು ಬರೆದಿರಲಿಲ್ಲ. ಗಂಡನ ಮನೆತನದ ಹೆಸರು ಹಿಡಿದು ಮಿಸೆಸ್ ಪ್ರೂಯಿಟ್ ಎಂದಿತ್ತು. ಮಳೆಕೋಟನ್ನು ಮಡಿಸಿಟ್ಟಿದ್ದ, ನಾನೇ ಮಡಿಸುವುದಕ್ಕಿಂತ ಚೆನ್ನಾಗಿ.

ಬುಧವಾರ, ನವೆಂಬರ್ 26

ಟಾಲಿವರ್‌ನಲ್ಲಿ ಯಾರು ಒಳ್ಳೆಯವರು, ಯಾರು ಕೆಲಸಕ್ಕೆ ಬಾರದವರು ಎಂಬುದು ತೀರ್ಮಾನವಾಗುವುದು ಪೆಟ್ರೋಲ್ ಬಂಕಿನ ಒಳಗಿನ ಉದ್ದ ಮೇಜಿನಲ್ಲಿ. ಬೆಳಗಾಗುವ ಹೊತ್ತಿಗೆ ಗಂಡಸರು ಅಲ್ಲಿ ಸೇರಿ, ಅವತ್ತಿನ ಕಾಫಿ ಯಾರ ಲೆಕ್ಕಕ್ಕೆ ಎಂದು ಚರ್ಮದ ಲೋಟದಲ್ಲಿ ದಾಳ ಕುಲುಕಿ ಹಾಕುತ್ತಾರೆ. ಹೆಂಗಸರು ಪೆಟ್ರೋಲ್ ಹಣ ಕೊಟ್ಟು ಹೋಗುತ್ತಾರೆ, ಕೂರುವುದಿಲ್ಲ. ಹಾಗೆಂದು ಯಾರೂ ಬರೆದಿಟ್ಟಿಲ್ಲ.

ನಾನು ಮೇಜಿನ ತುದಿಯಲ್ಲಿ ನಿಂತೆ. ದಾಳದ ಸದ್ದು ನಿಂತಿತು. ಬ್ರಾಂಟ್ ಕ್ರೀಕ್ ಪಂದ್ಯದ ಕೊನೆಯಲ್ಲಿ ಇಸಿದ್ರೊ ಲೆದೆಸ್ಮಾನ ತೋಳನ್ನು ಹಿಡಿದಿದ್ದರು, ನಾನು ಕಣ್ಣಾರೆ ಕಂಡೆ ಎಂದೆ. ಅವನು ಓಡುವುದನ್ನು ಬಿಡಲಿಲ್ಲ, ಅವನನ್ನು ಓಡಲು ಬಿಡಲಿಲ್ಲ. ನಾನು ಮಾಡಿದ ಸನ್ನೆ ಟೆಕ್ಸಸ್‌ನದು, ಈ ರಾಜ್ಯದ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ಬಟ್ಟೆ ಎಸೆಯಬೇಕಿತ್ತು. ಎಸೆಯಲಿಲ್ಲ.

ಯಾರೂ ಕುರ್ಚಿ ಸರಿಸಲಿಲ್ಲ. ಒಬ್ಬ ಮುದುಕ ಕೇಳಿದ: "ಹಾಗಾದ್ರೆ ನಾವು ಗೆದ್ದಂಗಾ?"

"ಇಲ್ಲ. ಹದಿನೈದು ಗಜ ಮುಂದಿನಿಂದ ಇನ್ನೊಂದು ಎಸೆತ ಸಿಗ್ತಿತ್ತು. ಅಷ್ಟೇ."

"ಅದೂ ಅವನ ತಲೆ ಮೇಲಿಂದ್ಲೇ," ಎಂದು ಪಕ್ಕದವನು ಶುರುಮಾಡಿದ. ದಿನಸಿ ಅಂಗಡಿಯಲ್ಲಿ ಕಿತ್ತಳೆ ಎಸೆದವನೇ. ಅವನ ಕೈ ಅಭ್ಯಾಸದಂತೆ ಮೇಲೆ ಹೋಯಿತು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಕೈ ಅರ್ಧದಲ್ಲಿ ನಿಂತಿತು, ಟೋಪಿಯ ಅಂಚು ಹಿಡಿಯಿತು, ಟೋಪಿಯನ್ನು ಕೊಂಚ ಸರಿಮಾಡಿ ಕೆಳಗಿಳಿಯಿತು.

"ಅವತ್ತೇ ಹೇಳ್ಬಹುದಿತ್ತಲ್ಲ ನೀವು," ಎಂದ ಮುದುಕ.

"ಹೌದು," ಎಂದೆ.

ಹೊರಗೆ ಬಂದು ಕಾರಿನಲ್ಲಿ ಕೂತೆ. ಗಾಜಿನಾಚೆ ಅವರಲ್ಲಿ ಆಗಲೇ ಇಬ್ಬರು ಫೋನ್ ತೆಗೆದಿದ್ದರು.

ಸಂಜೆ. ನಾಳೆ ಹಬ್ಬ. ಆರ್ಲೊ ಟರ್ಕಿ ಕೋಳಿಯನ್ನು ಉಪ್ಪುನೀರಿನಲ್ಲಿ ಮುಳುಗಿಸುವ ಸಾಹಸದಲ್ಲಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ರಮೋನಾ. ಕೆಲಸದ ಅಂಗಿ ತೊಟ್ಟಿದ್ದಳು, ಪಾಳಿಗೆ ಹೊರಡುವ ಹೊತ್ತು. ಒಳಗೆ ಬಾ ಎಂದೆ, ಬರಲಿಲ್ಲ. ನಾನು ಏನೋ ಹೇಳಲು ಹೊರಟೆ, ಅವಳು ಬೇಡವೆಂದು ತಲೆಯಾಡಿಸಿದಳು. ಅವಳು ಬೈಯಲು ಬಂದಿದ್ದಾಳೆಂದುಕೊಂಡೆ, ಬೈಯಲಿ ಎಂದು ಬಾಗಿಲನ್ನು ಪೂರ್ತಿ ತೆರೆದು ನಿಂತೆ.

"ಪಂದ್ಯದ ಮಾರನೇ ಬೆಳಿಗ್ಗೆ ನಾನು ಪಾಳಿ ಮುಗಿಸಿ ಬರ್ತಿದ್ದಂಗೇ ಹೇಳ್ದ, ಅಮ್ಮ, ಅವನು ನನ್ನ ತೋಳು ಹಿಡ್ಕೊಂಡಿದ್ದ ಅಂತ. ನಾನು ಏನಂದೆ ಗೊತ್ತಾ ಟೀಚರ್? ಅಲ್ಲಿ ನಿಂತಿದ್ದೋರು ನಮ್ಮ ಟೀಚರ್, ಹಿಡ್ಕೊಂಡಿದ್ರೆ ಅವರು ಬಟ್ಟೆ ಎಸೀದೆ ಬಿಡ್ತಿರ್ಲಿಲ್ಲ, ಸೋತಿದ್ದಕ್ಕೆ ಸುಳ್ಳು ಹೇಳ್ಬೇಡ ಅಂದೆ. ಅವತ್ತಿಂದ ನನ್ನ ಹತ್ರ ಮಾತು ಬಿಟ್ಟಿದಾನೆ. ಈಗ ಅಡುಗೆಮನೇಲಿ ಕೂತಿದಾನೆ, ಒಬ್ಳೇ ಹೋದ್ರೆ ನನ್ನ ಮುಖ ನೋಡಲ್ಲ. ಕೋಟು ಹಾಕ್ಕೊಳ್ಳಿ. ಇಬ್ಬರೂ ಹೋಗೋಣ."